ಒಂದು ಚೌಕಕ್ಕೆ ಒಂದೇ ಸಂಖ್ಯೆ: ಮಿಕ್ಕ 35 ಎಲ್ಲಿಂದ ಬಂದವು?

ಪ್ರಶ್ನೆ: ಪ್ರವಾಹದ ಅಧ್ಯಯನವೊಂದಕ್ಕೆ ಉಚಿತವಾಗಿ ಸಿಗುವ 30 ಮೀಟರ್ ಎತ್ತರ ನಕ್ಷೆಯನ್ನು (30 ಮೀಟರ್ ಚೌಕಕ್ಕೊಂದು ಎತ್ತರ ಕೊಡುವುದನ್ನು) ಬಳಸುತ್ತಿದ್ದೇನೆ. ಅದೇ ಪ್ರದೇಶದ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರಗಳೂ ನನ್ನ ಬಳಿ ಇವೆ. ಎರಡನ್ನೂ ಡೀಪ್ ಲರ್ನಿಂಗ್ ಮಾದರಿಗೆ, ಅಂದರೆ ಉದಾಹರಣೆಗಳಿಂದ ಕಲಿಯುವ ನರಜಾಲಕ್ಕೆ, ಕೊಟ್ಟರೆ 5 ಮೀಟರ್ ನಕ್ಷೆ ಸಿಗುತ್ತದೆ ಎಂದು ಓದಿ, ಬೇರೆ ಪ್ರದೇಶದ ಮೇಲೆ ಯಾರೋ ತರಬೇತಿ ಕೊಟ್ಟಿದ್ದ ಮಾದರಿಯೊಂದನ್ನು ಓಡಿಸಿದೆ. ಕೊರಕಲು, ದಿಣ್ಣೆ, ರಸ್ತೆ ಎಲ್ಲವೂ ಸೊಗಸಾಗಿ ಮೂಡಿವೆ. ಇದನ್ನು ನಂಬಿ ನೀರು ಹರಿಸಿ ನೋಡಬಹುದೇ? ನಂಬುವ ಮುನ್ನ ಏನೇನು ಪರೀಕ್ಷಿಸಬೇಕು?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. 30 ಮೀಟರ್ ಉದ್ದಗಲದ ಚೌಕವೊಂದರ ಬಗ್ಗೆ ನಿಮ್ಮ ಮೂಲ ನಕ್ಷೆಗೆ ಗೊತ್ತಿರುವುದು ಒಂದೇ ಸಂಖ್ಯೆ. ಅದೇ ಜಾಗವನ್ನು 5 ಮೀಟರ್ ಚೌಕಗಳಾಗಿ ಹೋಳು ಮಾಡಿದರೆ 36 ಸಂಖ್ಯೆಗಳು ಬೇಕು. ಒಂದು ಕೊಟ್ಟು 36 ಪಡೆದಿದ್ದೀರಿ. ಮಿಕ್ಕ 35 ಎಲ್ಲಿಂದ ಬಂದವು?

ಬರಲು ಇರುವ ದಾರಿಗಳು ಹೆಚ್ಚಿಲ್ಲ. ಅಕ್ಕಪಕ್ಕದ ಚೌಕಗಳನ್ನು ನೋಡಿ ನಡುವೆ ನುಣುಪಾದ ಮೇಲ್ಮೈ ಎಳೆಯಬಹುದು. ಅದಕ್ಕೆ ಡೀಪ್ ಲರ್ನಿಂಗ್ ಬೇಕಿಲ್ಲ, ಹಳೆಯ ಬೈಕ್ಯೂಬಿಕ್ ಸೂತ್ರವೇ ಸಾಕು. ಉಪಗ್ರಹ ಚಿತ್ರದಲ್ಲಿ ನಿಜವಾಗಿ ಕಂಡದ್ದನ್ನು ಎತ್ತರವಾಗಿ ಬದಲಿಸಬಹುದು. ಇಲ್ಲವೇ ತರಬೇತಿಯ ಹೊತ್ತಿನಲ್ಲಿ ನೋಡಿದ ಸಾವಿರಾರು ಬೆಟ್ಟ ಕಣಿವೆಗಳ ನೆನಪಿನಿಂದ ‘ಇಂಥ ಕಡೆ ಸಾಮಾನ್ಯವಾಗಿ ಹೀಗಿರುತ್ತದೆ’ ಎಂದು ತುಂಬಿಸಬಹುದು. ಮಾದರಿ ಮೂರನ್ನೂ ಬೆರೆಸಿ ಕೊಡುತ್ತದೆ. ಯಾವ ವಿವರ ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಕಂಡದ್ದೂ ನೆನಪಿನಿಂದ ತುಂಬಿದ್ದೂ ಪರದೆಯ ಮೇಲೆ ಒಂದೇ ಬಣ್ಣದಲ್ಲಿ ಕುಳಿತಿರುತ್ತವೆ. ನೀವು ಮಾಡಬೇಕಾದ ಪರೀಕ್ಷೆಗಳೆಲ್ಲ ಈ ಎರಡನ್ನು ಬೇರ್ಪಡಿಸುವ ಉಪಾಯಗಳೇ.

ಪ್ರವಾಹದ ಮಾತಾದ್ದರಿಂದ ಒಂದು ಮಣ್ಣಿನ ಒಡ್ಡನ್ನೇ ತೆಗೆದುಕೊಳ್ಳಿ. 2 ಮೀಟರ್ ಎತ್ತರ, 6 ಮೀಟರ್ ಅಗಲ. ಲೆಕ್ಕ ಸುಲಭವಾಗಲೆಂದು ಅದರ ಬದಿಗಳು ನೆಟ್ಟಗಿವೆ ಎಂದುಕೊಳ್ಳೋಣ. ಅದು 30 ಮೀಟರ್ ಚೌಕವೊಂದನ್ನು ಅಡ್ಡಡ್ಡಲಾಗಿ ದಾಟಿದರೆ ಆ ಚೌಕದ ಸರಾಸರಿ ಎತ್ತರ ಏರುವುದು ಬರೀ 40 ಸೆಂಟಿಮೀಟರ್. ಉಚಿತ ಜಾಗತಿಕ ನಕ್ಷೆಗಳಲ್ಲಿ ಮೀಟರ್‌ಗಟ್ಟಲೆ ಏರುಪೇರು ತಾನಾಗಿಯೇ ಇರುತ್ತದೆ. ಆ ಗದ್ದಲದಲ್ಲಿ 40 ಸೆಂಟಿಮೀಟರಿನ ಪಿಸುಮಾತು ಕೇಳಿಸುವುದಿಲ್ಲ. ಅಂದರೆ ಎತ್ತರ ನಕ್ಷೆಯಲ್ಲಿ ಒಡ್ಡು ಇಲ್ಲವೇ ಇಲ್ಲ. ಚಿತ್ರದಲ್ಲಿ ಇದೆಯೇ? ಸೂರ್ಯ 45 ಡಿಗ್ರಿ ಮೇಲಿದ್ದರೆ 2 ಮೀಟರ್ ಒಡ್ಡಿನ ನೆರಳು 2 ಮೀಟರ್ ಮಾತ್ರ, ಅದು 10 ಮೀಟರ್ ಪಿಕ್ಸೆಲಿನ ಐದನೆಯ ಒಂದು ಪಾಲು. ನೆರಳು ನೆರಳಾಗಿ ಕಾಣುವುದಿಲ್ಲ. ಕಾಣುವುದು ಸುತ್ತಲಿಗಿಂತ ಕೊಂಚ ಬೇರೆ ಬಣ್ಣದ ಒಂದು ಗೆರೆ. ಆ ಗೆರೆ ಒಡ್ಡಾಗಿರಬಹುದು, ಕಾಲುವೆಯಾಗಿರಬಹುದು, ನೆಲಮಟ್ಟದ ಬಂಡಿದಾರಿಯಾಗಿರಬಹುದು, ಪೊದೆಗಳ ಸಾಲೂ ಆಗಿರಬಹುದು.

ಇಲ್ಲಿ ಮಾದರಿ ಏನು ಮಾಡುತ್ತದೆ? ತರಬೇತಿ ಪಡೆದ ಪ್ರದೇಶದಲ್ಲಿ ಇಂಥ ಗೆರೆಗಳು ಬಹುಪಾಲು ಎತ್ತರಿಸಿದ ರಸ್ತೆಗಳಾಗಿದ್ದರೆ ಗೆರೆಯನ್ನು ಮೇಲೆತ್ತುತ್ತದೆ. ಕಾಲುವೆಗಳಾಗಿದ್ದರೆ ತಗ್ಗಿಸುತ್ತದೆ. ನಕ್ಷೆಯನ್ನು ನೋಡುವವರಿಗೆ ಎರಡೂ ಅಷ್ಟೇ ಸೊಗಸು. ನೀರಿಗೆ ಮಾತ್ರ ಇವು ಒಂದಕ್ಕೊಂದು ತದ್ವಿರುದ್ಧ: ಒಂದು ತಡೆಯುತ್ತದೆ, ಇನ್ನೊಂದು ದಾರಿ ಕೊಡುತ್ತದೆ. ಹೀಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಇದು: ಬೆಟ್ಟಗುಡ್ಡದ ಭಾಗದಲ್ಲಿ ಪರೀಕ್ಷಿಸಿ ಬಳಸಬಹುದು, ಸಮತಟ್ಟಾದ ನದೀಬಯಲಿನಲ್ಲಿ ಈ ಬಗೆಯ ನಕ್ಷೆಯ ಮೇಲೆ ನೀರು ಹರಿಸಬೇಡಿ.

ಈಗ ಚಿತ್ರದ ವಿಷಯ. ಚಿತ್ರಕ್ಕೆ ಎತ್ತರ ಗೊತ್ತಿಲ್ಲ, ಗೊತ್ತಿರುವುದು ಬೆಳಕು. ಸೂರ್ಯನಿಗೆ ಮುಖ ಮಾಡಿದ ಇಳಿಜಾರು ಬೆಳ್ಳಗೆ, ಬೆನ್ನು ಮಾಡಿದ್ದು ಕಪ್ಪಗೆ. ಈ ಬೆಳಕಿನ ಏರಿಳಿತದಿಂದ ಆಕಾರವನ್ನು ಹಿಂದಕ್ಕೆ ಲೆಕ್ಕ ಹಾಕುವ ಬಗೆಯನ್ನು ಬರ್ಟ್‌ಹೋಲ್ಡ್ ಹಾರ್ನ್ 1970ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದರು. ಇಂದಿನ ನರಜಾಲಗಳು ಮಾಡುವುದೂ ಬಹುಮಟ್ಟಿಗೆ ಅದನ್ನೇ, ಸೂತ್ರದ ಬದಲು ಉದಾಹರಣೆಗಳಿಂದ ಕಲಿತು. ಆಗಿನ ಅಡ್ಡಿಗಳೂ ಹಾಗೆಯೇ ಉಳಿದಿವೆ. ಬೆಳಕು ಹೇಳುವುದು ಇಳಿಜಾರನ್ನು. ಎತ್ತರ ಬೇಕಾದರೆ ಇಳಿಜಾರುಗಳನ್ನು ಒಂದಕ್ಕೊಂದು ಕೂಡಿಸುತ್ತಾ ಹೋಗಬೇಕು, ಕೂಡಿಸಿದಷ್ಟೂ ತಪ್ಪು ಗುಡ್ಡೆಯಾಗುತ್ತದೆ. ಒರಟು ಎತ್ತರ ನಕ್ಷೆ ಕೆಲಸಕ್ಕೆ ಬರುವುದು ಇಲ್ಲಿ. ನೆಲ ಒಟ್ಟಾರೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಮಡಿಕೆಗಳನ್ನು ಚಿತ್ರ ತುಂಬುತ್ತದೆ. ಎರಡೂ ಜೊತೆಗಿದ್ದರೆ ನಿಜಕ್ಕೂ ಒಳ್ಳೆಯ ಜೋಡಿ.

ಆದರೆ ಬೆಳಕು ತಾನು ಬರುವ ದಿಕ್ಕಿನ ಇಳಿಜಾರನ್ನು ಮಾತ್ರ ಚೆನ್ನಾಗಿ ಹೇಳುತ್ತದೆ. ಸೆಂಟಿನೆಲ್-2 ಹಾದುಹೋಗುವುದು ಸ್ಥಳೀಯ ಸಮಯ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ. ಉತ್ತರಾರ್ಧಗೋಳದ ಮಧ್ಯ ಅಕ್ಷಾಂಶಗಳಲ್ಲಿ ಆಗ ಬೆಳಕು ಹೆಚ್ಚೂಕಡಿಮೆ ಆಗ್ನೇಯದಿಂದ ಬೀಳುತ್ತಿರುತ್ತದೆ. ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದ ಏಣಿನ ಎರಡೂ ಬದಿಗಳಿಗೆ ಸಮನಾದ ಬೆಳಕು ಸಿಗುತ್ತದೆ. ಚಿತ್ರದಲ್ಲಿ ಅದು ಅಡಗಿಬಿಡುತ್ತದೆ. ಪಕ್ಕದಲ್ಲೇ ಅಡ್ಡಲಾಗಿ ನಿಂತ ಅಷ್ಟೇ ಎತ್ತರದ ಏಣು ಕೆತ್ತಿದಂತೆ ಎದ್ದು ಕಾಣುತ್ತದೆ. ಒಂದೇ ದಿನದ ಚಿತ್ರ ಕೊಟ್ಟರೆ ಮಾದರಿಯ ಕುರುಡು ಒಂದೇ ದಿಕ್ಕಿಗೆ ಖಾಯಂ ಆಗುತ್ತದೆ. ಬೇಸಿಗೆಯದೊಂದು, ಚಳಿಗಾಲದ್ದೊಂದು ಚಿತ್ರ ಕೊಡಿ: ಸೂರ್ಯನ ದಿಕ್ಕು ಬದಲಾಗುತ್ತದೆ, ಚಳಿಗಾಲದ ಓರೆಬಿಸಿಲಿನಲ್ಲಿ ಸಣ್ಣ ಉಬ್ಬುತಗ್ಗುಗಳೂ ಕಾಣುತ್ತವೆ. ಇದು ಖರ್ಚಿಲ್ಲದ ಉಪಾಯ, ಆದರೂ ಹೆಚ್ಚಿನವರು ಮಾಡುವುದಿಲ್ಲ.

ಬಿಸಿಲಿನ ದಿಕ್ಕಿನ ಮಾತು ಬಂದದ್ದರಿಂದ ಇನ್ನೊಂದು ಬಲೆಯನ್ನೂ ಹೇಳಬೇಕು. ಮುಖ ಗುರುತಿಸುವ, ಬೆಕ್ಕು ನಾಯಿ ಬೇರ್ಪಡಿಸುವ ಮಾದರಿಗಳಿಗೆ ತರಬೇತಿ ಕೊಡುವಾಗ ಚಿತ್ರಗಳನ್ನು ತಿರುಗಿಸಿ, ಮಗುಚಿ ಸಂಖ್ಯೆ ಹೆಚ್ಚಿಸಿಕೊಳ್ಳುವುದು ವಾಡಿಕೆ. ಅಲ್ಲಿ ಅದರಿಂದ ಲಾಭವೇ. ಎತ್ತರದ ಕೆಲಸದಲ್ಲಿ ಚಿತ್ರವನ್ನು 180 ಡಿಗ್ರಿ ತಿರುಗಿಸಿದರೆ ಬಿಸಿಲೂ ತಿರುಗುತ್ತದೆ. ಮಾದರಿಗೆ ಅದು ತಿಳಿಯದಿದ್ದರೆ ಒಂದು ಚಿತ್ರದಲ್ಲಿ ದಿಬ್ಬವಾಗಿದ್ದ ಬೆಳಕಿನ ವಿನ್ಯಾಸ ಇನ್ನೊಂದರಲ್ಲಿ ಗುಂಡಿಯಾಗಿರುತ್ತದೆ. ಪಾಪ, ಅದೇನು ಕಲಿಯಬೇಕು? ಎರಡರ ನಡುವಿನ ಸರಾಸರಿಯನ್ನು ಕಲಿಯುತ್ತದೆ. ಸರಾಸರಿಯೆಂದರೆ ಚಪ್ಪಟೆ ನೆಲ. ಮನುಷ್ಯರ ಕಣ್ಣಿಗೂ ಇದೇ ದೌರ್ಬಲ್ಯವಿದೆ. ಚಂದ್ರನ ಕುಳಿಯ ಚಿತ್ರವನ್ನು ತಲೆಕೆಳಗು ಹಿಡಿದರೆ ಕುಳಿ ಗುಬುಟಾಗಿ ಕಾಣುತ್ತದೆ, ಏಕೆಂದರೆ ಬೆಳಕು ಮೇಲಿನಿಂದ ಬೀಳುತ್ತದೆಂದು ನಮ್ಮ ಮಿದುಳು ತೀರ್ಮಾನಿಸಿಕೊಂಡಿದೆ. ತಿರುಗಿಸಲೇಬೇಕೆಂದಿದ್ದರೆ ಸೂರ್ಯನ ದಿಕ್ಕು ಮತ್ತು ಎತ್ತರದ ಕೋನಗಳನ್ನೂ ಒಳಸುರಿಯಲ್ಲಿ ಕೊಡಿ, ಚಿತ್ರದ ಜೊತೆಗೆ ಅವನ್ನೂ ತಿರುಗಿಸಿ. ನೀವು ಬಳಸಿದ ಮಾದರಿಯ ವಿವರಣೆಯಲ್ಲಿ ಸೂರ್ಯನ ಕೋನದ ಪ್ರಸ್ತಾಪವೇ ಇಲ್ಲದಿದ್ದರೆ ನನಗೆ ಆಗಲೇ ಅನುಮಾನ ಶುರುವಾಗುತ್ತದೆ.

ಇನ್ನು ಬಣ್ಣ. ಕಪ್ಪಗಿರುವುದೆಲ್ಲ ನೆರಳಿನ ಇಳಿಜಾರಲ್ಲ; ಉತ್ತ ಮಣ್ಣೂ ಕಪ್ಪು, ಸುಟ್ಟ ಹುಲ್ಲೂ ಕಪ್ಪು. ನಾನು ತರಬೇತಿ ಕೊಟ್ಟಿದ್ದ ಮಾದರಿಯೊಂದು ಕೆರೆಗಳಿರುವ ಪ್ರದೇಶದಲ್ಲಿ ಕಲಿತಿತ್ತು. ಕಪ್ಪಗೆ, ನುಣ್ಣಗೆ ಇರುವುದು ನೀರು, ನೀರೆಂದರೆ ಚಪ್ಪಟೆ ಎಂಬುದು ಅದಕ್ಕೆ ಗಟ್ಟಿಯಾಗಿ ಬಾಯಿಪಾಠ. ಅದನ್ನೇ ಕಪ್ಪು ಲಾವಾ ಹಾಸಿದ ಇಳಿಜಾರೊಂದರ ಮೇಲೆ ಓಡಿಸಿದಾಗ ಬೆಟ್ಟದ ಮೈಯನ್ನು ಮೇಜಿನಂತೆ ಸಮ ಮಾಡಿಟ್ಟಿತು. ಒಟ್ಟಾರೆ ದೋಷದ ಸಂಖ್ಯೆಯಲ್ಲಿ ಇದರ ಸುಳಿವೇ ಇರಲಿಲ್ಲ; ಆ ಜಾಗ ಪರೀಕ್ಷಾ ಪ್ರದೇಶದ ಒಂದು ಮೂಲೆ ಮಾತ್ರ. ಕಣ್ಣಿಗೆ ಬಿದ್ದದ್ದು ಅಡ್ಡಕೊಯ್ತ ತೆಗೆದಾಗ.

ಮೂಲ ನಕ್ಷೆ ಯಾವುದೆಂದು ನೀವು ಬರೆದಿಲ್ಲ. ‘30 ಮೀಟರ್’ ಎಂಬುದು ಒಂದೇ ಹೆಸರಾದರೂ ಅದರ ಹಿಂದೆ ಬೇರೆಬೇರೆ ಕುಲಗೋತ್ರಗಳಿವೆ. ಎಸ್‌ಆರ್‌ಟಿಎಂ ನಕ್ಷೆ ತಯಾರಾದದ್ದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳಿನ ತುದಿಗೆ ಎರಡನೆಯ ಆಂಟೆನಾ ಕಟ್ಟಿಕೊಂಡು 11 ದಿನಗಳ ಹಾರಾಟದಲ್ಲಿ ಮಾಡಿದ ರೆಡಾರ್ ಅಳತೆಯಿಂದ. ಕೊಪರ್ನಿಕಸ್ 30 ಮೀಟರ್ ನಕ್ಷೆಯ ಮೂಲ ಟ್ಯಾನ್‌ಡೆಮ್-ಎಕ್ಸ್, ಅಂದರೆ ಜೋಡಿಯಾಗಿ ಹಾರುವ ಎರಡು ಜರ್ಮನ್ ರೆಡಾರ್ ಉಪಗ್ರಹಗಳು. ಆಸ್ಟರ್, ಆಲೋಸ್, ಕಾರ್ಟೊಸ್ಯಾಟ್-1 ಇವುಗಳದು ಬೇರೆ ವಿಧಾನ: ಬೇರೆಬೇರೆ ಕೋನಗಳಿಂದ ತೆಗೆದ ಚಿತ್ರಗಳನ್ನು ಹೊಂದಿಸಿ, ನಮ್ಮ ಎರಡು ಕಣ್ಣುಗಳಂತೆ ಆಳ ತಿಳಿಯುವುದು. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1ರಲ್ಲಿ ಒಂದು ಕ್ಯಾಮೆರಾ 26 ಡಿಗ್ರಿ ಮುಂದಕ್ಕೂ ಇನ್ನೊಂದು 5 ಡಿಗ್ರಿ ಹಿಂದಕ್ಕೂ ವಾಲಿದ್ದವು. ಈ ವಂಶಾವಳಿ ಸುಮ್ಮನೆ ಹೇಳುತ್ತಿಲ್ಲ. ರೆಡಾರ್ ನಕ್ಷೆ ಕಡಿದಾದ ಕಣಿವೆಯಲ್ಲಿ ತಪ್ಪುತ್ತದೆ, ಬೆಟ್ಟ ತನ್ನ ಮೇಲೆ ತಾನೇ ಮಗುಚಿದಂತಾಗಿ ಸಂಕೇತ ಬೆರೆತುಹೋಗುತ್ತದೆ. ಚಿತ್ರಜೋಡಿಯ ನಕ್ಷೆ ಮರಳು, ಹಿಮ, ನೀರಿನಲ್ಲಿ ತಪ್ಪುತ್ತದೆ, ಹೊಂದಿಸಲು ಗುರುತು ಸಿಗುವುದಿಲ್ಲ. ಒಂದರ ತಪ್ಪುಗಳ ಮೇಲೆ ಕಲಿತ ಮಾದರಿಗೆ ಇನ್ನೊಂದರ ತಪ್ಪುಗಳು ನಿಜವಾದ ನೆಲದಂತೆ ಕಾಣುತ್ತವೆ. ಅವನ್ನು ಅಳಿಸುವ ಬದಲು ತಿದ್ದಿ ತೀಡಿ ಅಂದವಾಗಿಸಿ ಕೊಡುತ್ತದೆ.

ಪ್ರಕಟವಾದ ಎಷ್ಟೋ ಮಾದರಿಗಳು ಕಲಿತಿರುವುದು ಇವುಗಳಲ್ಲಿ ಯಾವುದರ ಮೇಲೂ ಅಲ್ಲ. ವಿಮಾನದಿಂದ ಲೇಸರ್ ಬೀಸಿ ಅಳೆದ ಲೈಡಾರ್ ನಕ್ಷೆಯನ್ನು ತಂದು, ಅದನ್ನೇ ಕಂಪ್ಯೂಟರಿನಲ್ಲಿ ಒರಟಾಗಿಸಿ, ‘ಇದರಿಂದ ಅದನ್ನು ಮರಳಿ ಪಡೆ’ ಎಂದು ಮಾದರಿಗೆ ಪಾಠ ಹೇಳುತ್ತಾರೆ. ಅನುಕೂಲದ ದಾರಿ, ಆದರೆ ಮೋಸದ ದಾರಿ. ಹೀಗೆ ಒರಟಾಗಿಸಿದ ನಕ್ಷೆಯಲ್ಲಿ ಗದ್ದಲವಿಲ್ಲ, ಮರದ ಎತ್ತರದ ಗೊಂದಲವಿಲ್ಲ, ಸ್ಥಾನಪಲ್ಲಟವಿಲ್ಲ. ಅಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದ ಮಾದರಿ ನಿಜವಾದ ಉಪಗ್ರಹ ನಕ್ಷೆ ಎದುರಾದಾಗ ತಬ್ಬಿಬ್ಬಾಗುತ್ತದೆ. ನಿಮ್ಮ ಮಾದರಿಯ ಲೇಖಕರು ಒಳಸುರಿಯಾಗಿ ಏನನ್ನು ಬಳಸಿದರು ಎಂಬುದನ್ನು ಮೊದಲು ಹುಡುಕಿ. ಉಳಿದ ಪುಟಗಳನ್ನು ಆಮೇಲೆ ಓದಿದರಾಯಿತು.

ಸ್ಥಾನಪಲ್ಲಟ ಎಂದೆನಲ್ಲ, ಅದು ನನ್ನ ಒಂದು ತಿಂಗಳನ್ನು ನುಂಗಿದ ಸಂಗತಿ. ಕೆಲವು ನಕ್ಷೆಗಳಲ್ಲಿ ಸಂಖ್ಯೆ ಚೌಕದ ನಡುಬಿಂದುವಿಗೆ ಸೇರಿದ್ದು, ಕೆಲವನ್ನು ತಂತ್ರಾಂಶ ಮೂಲೆಗೆ ಸೇರಿದ್ದೆಂದು ಓದುತ್ತದೆ. ವ್ಯತ್ಯಾಸ ಅರ್ಧ ಪಿಕ್ಸೆಲ್, ಅಂದರೆ 15 ಮೀಟರ್. ಸಮತಟ್ಟಿನಲ್ಲಿ ಇದರಿಂದ ಏನೂ ಆಗದು. 30 ಡಿಗ್ರಿ ಇಳಿಜಾರಿನಲ್ಲಿ 15 ಮೀಟರ್ ಪಕ್ಕಕ್ಕೆ ಸರಿದರೆ ಎತ್ತರದಲ್ಲಿ 8.7 ಮೀಟರ್ ತಪ್ಪು! ನನ್ನ ಮಾದರಿ ಪರೀಕ್ಷೆಯಲ್ಲಿ ದೋಷವನ್ನು ಅದ್ಭುತವಾಗಿ ಇಳಿಸುತ್ತಿತ್ತು. ಹಿಗ್ಗಿದ್ದೇ ಹಿಗ್ಗಿದ್ದು. ಕೊನೆಗೆ ನೋಡಿದರೆ ಅದು ಕಲಿತದ್ದು ಭೂರೂಪವನ್ನಲ್ಲ, ನಕ್ಷೆಯನ್ನು ಅರ್ಧ ಪಿಕ್ಸೆಲ್ ಪಕ್ಕಕ್ಕೆ ಜರುಗಿಸುವುದನ್ನು. ಒಂದು ಸಾಲಿನ ತಿದ್ದುಪಡಿಯಿಂದ ಆಗುವ ಕೆಲಸಕ್ಕೆ ಲಕ್ಷಗಟ್ಟಲೆ ತೂಕಗಳ (ಕಲಿತು ಹೊಂದಿಸಿಕೊಂಡ ಸಂಖ್ಯೆಗಳ) ಜಾಲ. ನಕ್ಷೆಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸುವ ವಿಧಾನವನ್ನು ನೂತ್ ಮತ್ತು ಕೇಬ್ 2011ರಲ್ಲಿ ವಿವರಿಸಿದ್ದಾರೆ. ಸರಿದ ನಕ್ಷೆಗಳ ನಡುವಿನ ಎತ್ತರದ ವ್ಯತ್ಯಾಸ ಇಳಿಜಾರು ಮುಖ ಮಾಡಿದ ದಿಕ್ಕಿಗೆ ತಕ್ಕಂತೆ ಅಲೆಯಾಕಾರದಲ್ಲಿ ಏರಿಳಿಯುತ್ತದೆ. ಆ ಅಲೆಯಿಂದ ಎಷ್ಟು, ಯಾವ ಕಡೆಗೆ ಸರಿದಿದೆ ಎಂದು ತಿಳಿಯುತ್ತದೆ. ತರಬೇತಿಗೆ ಮುಂಚೆ ಇದನ್ನು ಮಾಡದವರ ಫಲಿತಾಂಶವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಲಂಬ ದಿಕ್ಕಿನಲ್ಲೂ ಅದೇ ಕಥೆ. ಎಸ್‌ಆರ್‌ಟಿಎಂ ಎತ್ತರಗಳು ಇಜಿಎಂ96 ಎಂಬ ಸಮುದ್ರಮಟ್ಟದ ಲೆಕ್ಕದಿಂದ, ಕೊಪರ್ನಿಕಸ್‌ನವು ಇಜಿಎಂ2008ರಿಂದ, ಜಿಪಿಎಸ್ ಮತ್ತು ಉಪಗ್ರಹ ಲೇಸರಿನವು ಡಬ್ಲ್ಯೂಜಿಎಸ್84 ದೀರ್ಘಗೋಳದಿಂದ, ಅಂದರೆ ಭೂಮಿಯ ಆಕಾರಕ್ಕೆ ಹೊಂದಿಸಿದ ನುಣುಪಾದ ಗಣಿತದ ಮೇಲ್ಮೈಯಿಂದ, ಎಣಿಸಿದವು. ದೀರ್ಘಗೋಳಕ್ಕೂ ಸಮುದ್ರಮಟ್ಟಕ್ಕೂ ಇರುವ ಅಂತರ ಹಿಂದೂ ಮಹಾಸಾಗರದ ತಗ್ಗಿನಲ್ಲಿ 100 ಮೀಟರ್ ದಾಟುತ್ತದೆ. ಬದಲಿಸಲು ಮರೆತರೆ ಮಾದರಿಯನ್ನು ಬೈದು ಪ್ರಯೋಜನವಿಲ್ಲ.

ಸಂಖ್ಯೆಗಳನ್ನು ಜಾಲಕ್ಕೆ ಉಣಿಸುವ ಬಗೆಯೂ ಕೈಕೊಡುತ್ತದೆ. ಛಾಯಾಚಿತ್ರಗಳಿಗೆಂದು ಬರೆದ ತಂತ್ರಾಂಶ ಎತ್ತರವನ್ನು 8 ಬಿಟ್‌ಗೆ, ಅಂದರೆ 256 ಮಟ್ಟಗಳಿಗೆ ಅದುಮಿಬಿಡುತ್ತದೆ. 1000 ಮೀಟರ್ ಏರಿಳಿತವಿರುವ ಪ್ರದೇಶದಲ್ಲಿ ಒಂದೊಂದು ಮಟ್ಟ ಸುಮಾರು 4 ಮೀಟರ್. ಬೆಟ್ಟದ ಮೈ ಮೆಟ್ಟಿಲು ಮೆಟ್ಟಿಲಾಗಿ ಮಾದರಿಯ ಮುಂದೆ ನಿಲ್ಲುತ್ತದೆ, ಅದು ಮೆಟ್ಟಿಲುಗಳನ್ನು ಶ್ರದ್ಧೆಯಿಂದ ಚೂಪುಗೊಳಿಸುತ್ತದೆ. ದಶಾಂಶ ಸಂಖ್ಯೆಗಳಲ್ಲೇ ಇಡಿ. ನಕ್ಷೆಯನ್ನು ತುಂಡುತುಂಡಾಗಿ ಉಣಿಸುವಾಗ ಪ್ರತಿ ತುಂಡಿನ ಸರಾಸರಿ ಎತ್ತರವನ್ನು ಕಳೆದು ಒಳಗೆ ಕೊಡಿ, ಕೊನೆಗೆ ಮತ್ತೆ ಕೂಡಿಸಿ. 200 ಮೀಟರ್ ಎತ್ತರದಲ್ಲಿ ಕಲಿತದ್ದು 3000 ಮೀಟರಿನಲ್ಲೂ ನಡೆಯಬೇಕಾದರೆ ಇದು ಬೇಕೇ ಬೇಕು. ಎಸ್‌ಆರ್‌ಟಿಎಂ ಪೂರ್ಣಾಂಕ ಮೀಟರ್‌ಗಳಲ್ಲಿ ಬರುತ್ತದೆ ಎಂಬುದನ್ನೂ ನೆನಪಿಡಿ: ಬಯಲಿನಲ್ಲಿ ಒಂದು ಚೌಕದಿಂದ ಮುಂದಿನದಕ್ಕೆ 1 ಮೀಟರ್ ಜಿಗಿತವೆಂದರೆ ಸುಮಾರು 2 ಡಿಗ್ರಿಯ ಸುಳ್ಳು ಇಳಿಜಾರು.

ಯಾವ ಜಾಲ ಎಂಬ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕೆ ಕೊನೆಯ ಸ್ಥಾನ. ಚಿತ್ರಗಳನ್ನು ಚೂಪುಗೊಳಿಸುವ ನರಜಾಲಗಳ ಈಗಿನ ಸರಣಿ 2014ರ ಎಸ್‌ಆರ್‌ಸಿಎನ್‌ಎನ್‌ನಿಂದ ಹೊರಟಿತು. ಅದರಲ್ಲಿದ್ದದ್ದು ಮೂರೇ ಪದರ. ಅಲ್ಲಿಂದ ಆಳವಾದ ಜಾಲಗಳು, 2015ರ ಯು-ನೆಟ್, ಆಮೇಲೆ ಗ್ಯಾನ್, ಈಗ ಡಿಫ್ಯೂಷನ್, ಅಂದರೆ ಬರೀ ಗದ್ದಲದಿಂದ ಶುರುಮಾಡಿ ಹಂತಹಂತವಾಗಿ ಚಿತ್ರ ಮೂಡಿಸುವ ಜಾಲ. ನೀವು ಸ್ವಂತವಾಗಿ ತರಬೇತಿ ಕೊಡುವುದಾದರೆ ಸಾಧಾರಣ ಗಾತ್ರದ ಯು-ನೆಟ್ ಸಾಕು. ಪೂರ್ತಿ ಎತ್ತರವನ್ನು ಊಹಿಸಲು ಹೇಳಬೇಡಿ, ಬೈಕ್ಯೂಬಿಕ್ ಮೇಲ್ಮೈಗೆ ಕೂಡಿಸಬೇಕಾದ ತಿದ್ದುಪಡಿಯನ್ನಷ್ಟೇ ಊಹಿಸಲಿ. ಗೊತ್ತಿಲ್ಲದ ಕಡೆ ಸೊನ್ನೆ ಹೇಳಿ ಸುಮ್ಮನಿರುವ ಅವಕಾಶ ಅದಕ್ಕಿರಬೇಕು. ತರಬೇತಿಯಲ್ಲಿ ಮಾದರಿಯ ತಪ್ಪಿಗೆ ದಂಡ ವಿಧಿಸುವಾಗ ಎತ್ತರದ ತಪ್ಪಿನ ಜೊತೆಗೆ ಇಳಿಜಾರಿನ ತಪ್ಪನ್ನೂ ಎಣಿಸಿ.

ಗ್ಯಾನ್ ಬೇಡ ಎನ್ನುತ್ತೇನೆ. ಅದರ ಒಳಗೆ ಎರಡು ಜಾಲಗಳ ಜಟಾಪಟಿ ನಡೆಯುತ್ತದೆ: ಒಂದು ನೆಲದಂತೆ ಕಾಣುವುದನ್ನು ತಯಾರಿಸುತ್ತದೆ, ಇನ್ನೊಂದು ನಿಜವೋ ನಕಲಿಯೋ ಎಂದು ಪತ್ತೆ ಹಚ್ಚುತ್ತದೆ. ಬಹುಮಾನ ಸಿಗುವುದು ಸಿಕ್ಕಿಬೀಳದಿರುವುದಕ್ಕೆ. ಆಟಕ್ಕೆ, ಚಲನಚಿತ್ರದ ಹಿನ್ನೆಲೆಗೆ ಅದು ಎತ್ತಿದ ಕೈ. ನದಿಯ ಮಟ್ಟ ತಿಳಿಯಬೇಕಾದವರಿಗೆ ನಂಬಿಸುವ ಕಲೆಯಲ್ಲಿ ಪಳಗಿದ ಯಂತ್ರದಿಂದ ಏನು ಉಪಯೋಗ? ಡಿಫ್ಯೂಷನ್ ಕೂಡ ಕಲ್ಪಿಸಿಕೊಳ್ಳುವುದರಲ್ಲಿ ಹಿಂದೆ ಬಿದ್ದಿಲ್ಲ, ಆದರೆ ಅದನ್ನು ಜಾಣತನದಿಂದ ಬಳಸುವ ದಾರಿಯೊಂದಿದೆ. ಒಂದೇ ಒಳಸುರಿಗೆ ಇಪ್ಪತ್ತು ಬಾರಿ ಓಡಿಸಿ ಇಪ್ಪತ್ತು ನಕ್ಷೆ ಪಡೆಯಿರಿ. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಕೊರಕಲು ಬಂದರೆ ಅದಕ್ಕೆ ಚಿತ್ರದಲ್ಲೋ ಮೂಲ ನಕ್ಷೆಯಲ್ಲೋ ಆಧಾರವಿರುವ ಸಂಭವ ಹೆಚ್ಚು. ಒಂದರಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ನಾಪತ್ತೆ ಎಂದಾದರೆ ಅದು ಬರೀ ಕಲ್ಪನೆ. ಇಪ್ಪತ್ತರ ನಡುವಿನ ವ್ಯತ್ಯಾಸವನ್ನೇ ಒಂದು ನಕ್ಷೆಯಾಗಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಆದರೆ ಒಂದು ಎಚ್ಚರ: ತರಬೇತಿಯ ಪೂರ್ವಗ್ರಹ ಇಪ್ಪತ್ತಕ್ಕೂ ಒಂದೇ. ಎಲ್ಲ ಗೆರೆಗಳೂ ಒಡ್ಡುಗಳೇ ಎಂದು ಕಲಿತ ಮಾದರಿ ಇಪ್ಪತ್ತು ಸಲವೂ ಒಡ್ಡನ್ನೇ ಕಟ್ಟುತ್ತದೆ.

ಈಗ ಪರೀಕ್ಷೆಗಳು. ಅತ್ಯಂತ ಅಗ್ಗದ್ದನ್ನು ಮೊದಲು ಹೇಳುತ್ತೇನೆ. ಎತ್ತರ ನಕ್ಷೆಯನ್ನು ಹಾಗೆಯೇ ಇಟ್ಟು, ಚಿತ್ರದ ಜಾಗದಲ್ಲಿ ಬೂದುಬಣ್ಣದ ಖಾಲಿ ಹಾಳೆ ಕೊಟ್ಟು ಓಡಿಸಿ. ಆಮೇಲೆ ಸಂಬಂಧವೇ ಇಲ್ಲದ ಇನ್ನೊಂದು ಪ್ರದೇಶದ ಚಿತ್ರ ಕೊಟ್ಟು ಓಡಿಸಿ. ಹೊರಬಂದ ನಕ್ಷೆಯಲ್ಲಿ ಅವವೇ ವಿವರಗಳಿದ್ದರೆ ಮಾದರಿ ಚಿತ್ರವನ್ನು ನೋಡಿಯೇ ಇಲ್ಲ. ಎಲ್ಲವೂ ನೆನಪಿನ ಸರಕು. ಪರದೇಶದ ಚಿತ್ರದ ಗೆರೆಗಳು ನಿಮ್ಮ ನೆಲದ ಮೇಲೆ ದಿಣ್ಣೆಗಳಾಗಿ ಎದ್ದರೆ ಅದು ಚಿತ್ರವನ್ನು ಕಣ್ಣುಮುಚ್ಚಿ ನಂಬುತ್ತದೆ. ಒಳ್ಳೆಯ ಮಾದರಿ ಹೊಂದಾಣಿಕೆಯಿಲ್ಲದ ಚಿತ್ರ ಕಂಡಾಗ ಹಿಂಜರಿಯುತ್ತದೆ, ಬೈಕ್ಯೂಬಿಕ್‌ಗೆ ಹತ್ತಿರ ಬರುತ್ತದೆ.

ಅದರ ಬೆನ್ನಿಗೇ ಹಿಮ್ಮುಖ ತಾಳೆ. ಹೊಸ ನಕ್ಷೆಯ 36 ಚೌಕಗಳ ಸರಾಸರಿ ತೆಗೆದರೆ ಮೂಲದ ಒಂದು ಸಂಖ್ಯೆ ಹೆಚ್ಚೂಕಡಿಮೆ ಮರಳಿ ಸಿಗಬೇಕು. ಎಲ್ಲೆಲ್ಲಿ ಮೀಟರ್‌ಗಟ್ಟಲೆ ವ್ಯತ್ಯಾಸ ಬರುತ್ತದೋ ಅಲ್ಲಿ ಮಾದರಿ ಮೂಲ ಅಳತೆಯನ್ನು ತಿರಸ್ಕರಿಸಿದೆ ಎಂದರ್ಥ. ಕಾಡನ್ನು ಕಳೆದು ನೆಲ ತೋರಿಸಲೆಂದೇ ಕಲಿಸಿದ್ದರೆ ಅದು ಸರಿ. ಇಲ್ಲದಿದ್ದರೆ ಕಾರಣ ಹುಡುಕಿ.

ಹೊರಗಿನ ಸಾಕ್ಷಿ ಬೇಕೇ ಬೇಕು. ಲೈಡಾರ್ ಇಲ್ಲದವರಿಗೆ ಐಸ್‌ಸ್ಯಾಟ್-2 ದೊಡ್ಡ ವರ. 2018ರ ಸೆಪ್ಟೆಂಬರಿನಲ್ಲಿ ಹಾರಿದ ಈ ಉಪಗ್ರಹ ಹಸಿರು ಲೇಸರನ್ನು ಸೆಕೆಂಡಿಗೆ 10,000 ಬಾರಿ ಮಿಡಿಸಿ, ಮರಳಿ ಬಂದ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಹಾದಿಯುದ್ದಕ್ಕೂ ಸುಮಾರು 70 ಸೆಂಟಿಮೀಟರಿಗೊಂದು ಮಿಡಿತ ಬೀಳುತ್ತದೆ. ಕಿರಣಗಳು ಆರು, ಮೂರು ಜೋಡಿ. ಜೋಡಿಯಿಂದ ಜೋಡಿಗೆ 3.3 ಕಿಲೋಮೀಟರ್ ಅಂತರ. ಆದ್ದರಿಂದ ಇದರಿಂದ ನಕ್ಷೆ ಆಗುವುದಿಲ್ಲ, ಆದರೆ ನಕ್ಷೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಉಚಿತ ಸಾಧನ ನನಗೆ ಗೊತ್ತಿಲ್ಲ. ನೆಲದಿಂದ ಬಂದವೆಂದು ವಿಂಗಡಿಸಿದ ಕಣಗಳನ್ನು ಮಾತ್ರ ತೆಗೆದುಕೊಳ್ಳಿ. ಒಂದು ಹಾದಿಯುದ್ದಕ್ಕೆ ಅಡ್ಡಕೊಯ್ತ ಎಳೆದು ಮೂರು ಗೆರೆಗಳನ್ನು ಒಂದರ ಮೇಲೊಂದು ಬರೆಯಿರಿ: ಲೇಸರ್, ಬೈಕ್ಯೂಬಿಕ್, ನಿಮ್ಮ ಮಾದರಿ. ಮಾದರಿಯ ಗೆರೆಯಲ್ಲಿ ಇರುವ ಉಬ್ಬು ಲೇಸರಿನಲ್ಲೂ ಇದೆಯೇ, ಅದೇ ಜಾಗದಲ್ಲಿದೆಯೇ, ಅದೇ ಎತ್ತರವೇ? ಒಂದು ಗಂಟೆ ಹೀಗೆ ಗೆರೆಗಳನ್ನು ನೋಡಿದವರು ಬಣ್ಣಬಣ್ಣದ ನೆರಳುನಕ್ಷೆಗೆ ಮತ್ತೆ ಮರುಳಾಗುವುದಿಲ್ಲ. ನನ್ನ ಅನುಭವದಲ್ಲಿ ದೊಡ್ಡ ಕಣಿವೆಗಳ ಆಕಾರ ಚೆನ್ನಾಗಿ ಸುಧಾರಿಸಿರುತ್ತದೆ, ಸಣ್ಣ ಉಬ್ಬುಗಳು ಜಾಗ ತಪ್ಪಿರುತ್ತವೆ.

ಸಂಖ್ಯೆಯಲ್ಲಿ ಹೇಳುವಾಗ ಬೈಕ್ಯೂಬಿಕ್‌ನ ದೋಷವನ್ನು ಪಕ್ಕದಲ್ಲೇ ಕೊಡಿ. ಅದನ್ನು ಸೋಲಿಸದ ಮಾದರಿಗೆ ವಿದ್ಯುತ್ತು ದಂಡ. ವರ್ಗಸರಾಸರಿ ದೋಷವನ್ನು ಕೆಲವೇ ದೊಡ್ಡ ತಪ್ಪುಗಳು ಎಳೆದಾಡುತ್ತವೆ, ಹಾಗಾಗಿ ಮಧ್ಯಾಂಕವನ್ನು ಆಧರಿಸಿದ ಅಳತೆಯನ್ನೂ ಸೇರಿಸಿ. ಇಳಿಜಾರಿನ ತರಗತಿಗಳ ಪ್ರಕಾರ ಬೇರೆಬೇರೆಯಾಗಿ ಲೆಕ್ಕ ಕೊಡಿ. ಬೆಟ್ಟದಲ್ಲಿ ಗಳಿಸಿದ ಅಂಕ ಬಯಲಿನ ಸೋಲನ್ನು ಮುಚ್ಚಿಹಾಕಬಾರದು. ತರಬೇತಿಗೂ ಪರೀಕ್ಷೆಗೂ ತುಂಡುಗಳನ್ನು ಚೀಟಿ ಎತ್ತಿ ಹಂಚಬೇಡಿ. ಪಕ್ಕಪಕ್ಕದ ತುಂಡುಗಳು ಒಂದೇ ಬೆಟ್ಟದವಾಗಿರುತ್ತವೆ, ಅದು ಪ್ರಶ್ನೆಪತ್ರಿಕೆ ಸೋರಿಕೆಯಾದಂತೆ. ಒಂದು ಇಡೀ ಜಲಾನಯನ ಪ್ರದೇಶವನ್ನು ಪರೀಕ್ಷೆಗೆಂದು ಎತ್ತಿಡಿ.

ನಿಮ್ಮ ಕೆಲಸಕ್ಕೆ ಚೂಪಿಗಿಂತ ತಿದ್ದುಪಡಿ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಉಚಿತ ನಕ್ಷೆಗಳು ಬಹುಪಾಲು ಅಳೆದಿರುವುದು ನೆಲವನ್ನಲ್ಲ, ಮರದ ನೆತ್ತಿ ಮತ್ತು ಮನೆಯ ಚಾವಣಿಯನ್ನು. ರೆಡಾರ್ ಅಲೆ ಎಲೆಗಳ ನಡುವೆ ಎಲ್ಲೋ ನಿಂತು ಹಿಂತಿರುಗುತ್ತದೆ. ಆ ತಪ್ಪನ್ನು ಕಳೆಯುವುದರಲ್ಲಿ ಯಂತ್ರಕಲಿಕೆ ಮಾಡಿರುವ ಉಪಕಾರ ಚೂಪುಗೊಳಿಸುವುದಕ್ಕಿಂತ ದೊಡ್ಡದು. ಕರಾವಳಿಯ ಎಸ್‌ಆರ್‌ಟಿಎಂ ಎತ್ತರಗಳನ್ನು ನರಜಾಲದಿಂದ ತಿದ್ದಿದ ಕೋಸ್ಟಲ್‌ಡೆಮ್ ಬಂದ ಮೇಲೆ, ಈಗಾಗಲೇ ಸಮುದ್ರದ ಭರತಮಟ್ಟಕ್ಕಿಂತ ಕೆಳಗಿನ ನೆಲದಲ್ಲಿ ವಾಸಿಸುವವರ ಅಂದಾಜು 2.8 ಕೋಟಿಯಿಂದ ಸುಮಾರು 11 ಕೋಟಿಗೆ ಏರಿತು ಎಂದು ಅದರ ಕರ್ತೃಗಳಾದ ಕಲ್ಪ್ ಮತ್ತು ಸ್ಟ್ರಾಸ್ 2019ರಲ್ಲಿ ವರದಿ ಮಾಡಿದರು. ಪಿಕ್ಸೆಲ್ ಸಣ್ಣದಾಗಲಿಲ್ಲ, ಸಂಖ್ಯೆ ಸರಿಯಾಯಿತು ಅಷ್ಟೇ. 2022ರಲ್ಲಿ ಬಂದ ಫ್ಯಾಬ್‌ಡೆಮ್ ಕೊಪರ್ನಿಕಸ್ ನಕ್ಷೆಯಿಂದ ಕಾಡನ್ನೂ ಕಟ್ಟಡಗಳನ್ನೂ ಕಳೆದದ್ದು. ಅದರ ವಿಧಾನ ಡೀಪ್ ಲರ್ನಿಂಗ್ ಕೂಡ ಅಲ್ಲ, ಹಲವು ನಿರ್ಣಯವೃಕ್ಷಗಳ ಉತ್ತರಗಳನ್ನು ಒಟ್ಟುಗೂಡಿಸುವ ರ್‍ಯಾಂಡಮ್ ಫಾರೆಸ್ಟ್. ಗೋಡೆ ವಾಲಿರುವಾಗ ಬಣ್ಣದ ಗುಣಮಟ್ಟ ಚರ್ಚಿಸುವುದು ಬೇಡ. ಮೊದಲು ತಿದ್ದಿದ ನಕ್ಷೆ ತನ್ನಿ, ಆಮೇಲೆ ಚೂಪಿನ ಮಾತು.

ಹಾಗಾದರೆ ಈ ತಂತ್ರ ನಿಜವಾಗಿ ಗೆದ್ದದ್ದು ಎಲ್ಲಿ ಎಂದು ಕೇಳಿದರೆ ಮಂಗಳಗ್ರಹವನ್ನು ತೋರಿಸುತ್ತೇನೆ. ಅಲ್ಲಿ ಮರವಿಲ್ಲ, ಮನೆಯಿಲ್ಲ, ಉಳುವವರಿಲ್ಲ. ಮಂಗಳವನ್ನು ಸುತ್ತುವ ನೌಕೆಯೊಂದರಲ್ಲಿರುವ ಹೈರೈಸ್ ಕ್ಯಾಮೆರಾದ ಚಿತ್ರದಲ್ಲಿ ಒಂದು ಪಿಕ್ಸೆಲ್ 25ರಿಂದ 30 ಸೆಂಟಿಮೀಟರ್, ಆದರೆ ಎರಡು ಕೋನಗಳಿಂದ ತೆಗೆದ ಜೋಡಿಚಿತ್ರ ಇರುವುದು ಬಹಳ ಕಡಿಮೆ ಜಾಗಕ್ಕೆ. ಜೋಡಿ ಇರುವೆಡೆ ಕಲಿತು ಒಂಟಿ ಚಿತ್ರದಿಂದ ಎತ್ತರ ಊಹಿಸುವ ಜಾಲಗಳು ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿವೆ, ಕುಳಿ ಮತ್ತು ಮರಳದಿಬ್ಬಗಳ ಬೆಳಕು ನೆರಳು ಬಹುಮಟ್ಟಿಗೆ ಆಕಾರವನ್ನೇ ಹೇಳುವುದರಿಂದ. ಭೂಮಿಯ ಮೇಲೆ ಅದಕ್ಕೆ ಹತ್ತಿರದ ಸ್ಥಿತಿಯಿರುವುದು ಬೋಳು ಬೆಟ್ಟಗಳಲ್ಲಿ, ಮರುಭೂಮಿಯಲ್ಲಿ.

ನಿಮ್ಮ ಪ್ರದೇಶಕ್ಕೆ ಬಂದರೆ, ನಾನಾಗಿದ್ದರೆ ನಕ್ಷೆಯನ್ನು ಎರಡು ಪಾಲು ಮಾಡುತ್ತಿದ್ದೆ. ಇಳಿಜಾರು 5 ಡಿಗ್ರಿಗಿಂತ ಹೆಚ್ಚಿರುವ ಮೇಲ್ಭಾಗದಲ್ಲಿ, ಲೇಸರ್ ಪರೀಕ್ಷೆಯಲ್ಲಿ ಮಾದರಿ ಬೈಕ್ಯೂಬಿಕ್‌ಗಿಂತ ಮುಂದಿದ್ದರೆ, ಅದನ್ನೇ ಬಳಸಿ; ಮಳೆನೀರು ಯಾವ ಕೊರಕಲಿಗೆ ಸೇರುತ್ತದೆ ಎಂಬುದು ಚೆನ್ನಾಗಿ ಸಿಗುತ್ತದೆ. ಬಯಲಿನಲ್ಲಿ ತಿದ್ದಿದ 30 ಮೀಟರ್ ನಕ್ಷೆಯನ್ನೇ ಉಳಿಸಿಕೊಳ್ಳಿ. ಉಪಗ್ರಹ ಚಿತ್ರದಲ್ಲಿ ಕಾಣುವ ಗೆರೆಗಳನ್ನೆಲ್ಲ ಗುರುತು ಹಾಕಿಕೊಂಡು, ಕರಾರುವಾಕ್ಕಾದ ಜಿಪಿಎಸ್ ಹಿಡಿದು ಅವುಗಳ ನೆತ್ತಿಯ ಮೇಲೆ ನಡೆದು, ಅಳೆದ ಎತ್ತರವನ್ನು ಕೈಯಿಂದಲೇ ನಕ್ಷೆಗೆ ಸೇರಿಸಿ. ಹತ್ತಿಪ್ಪತ್ತು ಒಡ್ಡುಗಳಿರಬಹುದು, ಕೆಲವು ದಿನಗಳ ಕೆಲಸ. ಒಡ್ಡಿನ ಕೆಳಗೆ ಮೋರಿ ಇದೆಯೇ ಎಂದು ಬಗ್ಗಿ ನೋಡುವುದನ್ನೂ ಮರೆಯಬೇಡಿ. ಅದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ.